ಪ್ರಗತಿ ಮತ್ತು ಏಳಿಗೆ: ಪಾಕಿಸ್ತಾನ–ಬಾಂಗ್ಲಾದೇಶಗಳ ಸಾಮಾಜಿಕ ಅಭಿವೃದ್ಧಿಯ ತೌಲನಿಕ ವಿವೇಚನೆ

1. ಪ್ರವೇಶ

ಒಂದು ದೇಶ ಮುಂದುವರಿದಿದೆ ಎಂದು ಹೇಳಲು ಕನ್ನಡದಲ್ಲಿ ನಾವು ಹಲವು ಪದಗಳನ್ನು ಬಳಸುತ್ತೇವೆ. 'ಪ್ರಗತಿ', 'ಅಭಿವೃದ್ಧಿ', 'ಬೆಳವಣಿಗೆ', 'ಏಳಿಗೆ' ಇವು ಸಾಮಾನ್ಯವಾಗಿ ಸಮಾನಾರ್ಥಕಗಳೆಂದೇ ಭಾವಿತವಾಗಿವೆ. ಆದರೆ ಪದಗಳ ಒಳಗಿನ ಕ್ರಿಯೆಯನ್ನು ಗಮನಿಸಿದರೆ ಅವು ಒಂದೇ ಅಲ್ಲವೆಂಬುದು ತಿಳಿಯುತ್ತದೆ. 'ಪ್ರಗತಿ'ಯಲ್ಲಿರುವುದು ಮುಂದಕ್ಕೆ ಸಾಗುವ ಗತಿ. 'ಅಭಿವೃದ್ಧಿ'ಯಲ್ಲಿರುವುದು ಪ್ರಮಾಣದ ಹೆಚ್ಚಳ. 'ಏಳಿಗೆ'ಯ ಮೂಲ 'ಏಳು' ಎಂಬ ಕ್ರಿಯಾಪದ. ಕೆಳಗಿದ್ದವರು ತಾವಾಗಿ ಮೇಲೇಳುವ ಅರ್ಥ ಅದರಲ್ಲಿದೆ. ನಾಡಿನ ಏಳಿಗೆ ಎಂದಾಗಲೂ ನಮ್ಮ ಕಣ್ಣ ಮುಂದೆ ಬರುವುದು ಅಣೆಕಟ್ಟು, ಕಾರ್ಖಾನೆಗಳಿಗಿಂತ ಮೊದಲು ಜನ.

ರಾಷ್ಟ್ರದ ಪ್ರಗತಿ ಮತ್ತು ಜನರ ಏಳಿಗೆ ಒಂದನ್ನೊಂದು ತಾನಾಗಿಯೇ ಹಿಂಬಾಲಿಸುತ್ತವೆಯೇ? ಈ ಪ್ರಶ್ನೆಯನ್ನು ಪರಿಶೀಲಿಸಲು ನಮ್ಮ ಎರಡು ಮಗ್ಗುಲಿನ ನೆರೆದೇಶಗಳಾದ ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳಿಗಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ. 1947ರಿಂದ 1971ರವರೆಗೆ ಇವು ಒಂದೇ ರಾಷ್ಟ್ರದ ಎರಡು ಭಾಗಗಳಾಗಿದ್ದವು. ಬಹುಸಂಖ್ಯಾತರ ಧರ್ಮ ಒಂದೇ, ವಸಾಹತು ಆಡಳಿತದ ಪರಂಪರೆ ಒಂದೇ, ಸೈನಿಕ ಆಳ್ವಿಕೆಯ ಅನುಭವವೂ ಒಂದೇ. ಹೀಗಿದ್ದೂ ಬಡತನದಲ್ಲಿ ಹಿಂದಿದ್ದ ಭಾಗ ಆರೋಗ್ಯ, ಶಿಕ್ಷಣ ಮತ್ತು ಮಹಿಳೆಯರ ಸ್ಥಿತಿಗೆ ಸಂಬಂಧಿಸಿದ ಅನೇಕ ಸೂಚಿಗಳಲ್ಲಿ ಮುಂದೆ ಹೋಯಿತು. ಇದು ಹೇಗೆ ಸಾಧ್ಯವಾಯಿತು, ಇದರಲ್ಲಿ ಭಾಷೆಯ ಪಾತ್ರವೇನು, ಈ ಸಾಧನೆಯ ಮಿತಿಗಳೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ದೇಶಗಳ ಹೋಲಿಕೆ ಸುಲಭವಾಗಿ ಹೊಗಳಿಕೆ ತೆಗಳಿಕೆಗಳ ಸ್ಪರ್ಧೆಯಾಗಿಬಿಡುತ್ತದೆ. ತೌಲನಿಕ ಅಧ್ಯಯನದ ಕೆಲಸ ಗೆದ್ದವರನ್ನು ಘೋಷಿಸುವುದಲ್ಲ, ಭಿನ್ನತೆಯ ಕಾರಣಗಳನ್ನು ಹುಡುಕುವುದು ಎಂಬ ಎಚ್ಚರದಿಂದಲೇ ಮುಂದುವರಿಯಬೇಕಾಗುತ್ತದೆ.

2. 'ಅಭಿವೃದ್ಧಿಯ ದಶಕ' ಮತ್ತು ಎರಡು ಅರ್ಥವ್ಯವಸ್ಥೆಗಳು

1951ರ ಜನಗಣತಿಯ ಪ್ರಕಾರ ಪೂರ್ವ ಭಾಗದ ಜನಸಂಖ್ಯೆ ಸುಮಾರು 4.2 ಕೋಟಿ, ಪಶ್ಚಿಮ ಭಾಗದ್ದು ಸುಮಾರು 3.4 ಕೋಟಿ. ಅಂದರೆ ರಾಷ್ಟ್ರದ ಬಹುಸಂಖ್ಯಾತರು ಬಂಗಾಳಿಗಳು. ಆದರೆ ರಾಜಧಾನಿ, ಸೈನ್ಯದ ನಾಯಕತ್ವ ಮತ್ತು ಉನ್ನತ ಅಧಿಕಾರಿವರ್ಗ ಪಶ್ಚಿಮದಲ್ಲಿದ್ದವು. ಪೂರ್ವದ ಸೆಣಬು ತಂದುಕೊಟ್ಟ ವಿದೇಶಿ ವಿನಿಮಯದ ದೊಡ್ಡ ಪಾಲು ಪಶ್ಚಿಮದ ಕೈಗಾರಿಕೀಕರಣಕ್ಕೆ ವಿನಿಯೋಗವಾಯಿತು. ಢಾಕಾದ ಅರ್ಥಶಾಸ್ತ್ರಜ್ಞರು, ಅವರಲ್ಲಿ ಮುಖ್ಯವಾಗಿ ರೆಹಮಾನ್ ಸೋಭಾನ್, ಈ ದೇಶದಲ್ಲಿರುವುದು ಒಂದಲ್ಲ ಎರಡು ಅರ್ಥವ್ಯವಸ್ಥೆಗಳು ಎಂದು 1960ರ ದಶಕದಲ್ಲಿ ವಾದಿಸಿದರು.

1958ರಲ್ಲಿ ಅಧಿಕಾರ ಹಿಡಿದ ಜನರಲ್ ಅಯೂಬ್ ಖಾನ್ ಅವರ ಸರ್ಕಾರ 1968ರಲ್ಲಿ ತನ್ನ ಹತ್ತು ವರ್ಷಗಳ ಆಳ್ವಿಕೆಯನ್ನು 'ಅಭಿವೃದ್ಧಿಯ ದಶಕ'ವೆಂದು ವೈಭವದಿಂದ ಆಚರಿಸಿತು. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಅದು ಸುಳ್ಳಾಗಿರಲಿಲ್ಲ. ಪಾಕಿಸ್ತಾನವನ್ನು ಬಡ ದೇಶಗಳಿಗೆ ಮಾದರಿಯೆಂದು ಅಂದಿನ ಪಾಶ್ಚಾತ್ಯ ತಜ್ಞರು ಎತ್ತಿತೋರುತ್ತಿದ್ದರು. ಅದೇ ವರ್ಷ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಮಹಬೂಬ್ ಉಲ್ ಹಕ್ ಅವರು ಕರಾಚಿಯಲ್ಲಿ ಮಾಡಿದ ಭಾಷಣದಲ್ಲಿ, ದೇಶದ ಕೈಗಾರಿಕೆಯ ಮೂರನೇ ಎರಡು ಭಾಗವೂ ಬ್ಯಾಂಕಿಂಗಿನ ಶೇ. 80ರಷ್ಟೂ ಕೇವಲ 22 ಕುಟುಂಬಗಳ ಹಿಡಿತದಲ್ಲಿದೆ ಎಂಬುದನ್ನು ಬಹಿರಂಗಪಡಿಸಿದರು. ಉತ್ಸವ ಮುಗಿಯುವಷ್ಟರಲ್ಲಿ ಎರಡೂ ಭಾಗಗಳಲ್ಲಿ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದಿದ್ದರು. 1969ರ ಮಾರ್ಚಿಯಲ್ಲಿ ಅಯೂಬ್ ಖಾನ್ ಅಧಿಕಾರ ತ್ಯಜಿಸಬೇಕಾಯಿತು.

ಈ ಅನುಭವದಿಂದ ಪಾಠ ಕಲಿತ ಮಹಬೂಬ್ ಉಲ್ ಹಕ್ ಅವರೇ ಮುಂದೆ 1990ರಲ್ಲಿ ವಿಶ್ವಸಂಸ್ಥೆಯ ಮೂಲಕ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದರು. ಅದರ ಸೂಚ್ಯಂಕ ರೂಪುಗೊಳ್ಳಲು ನೆರವಾದವರು ಅವರ ಕೇಂಬ್ರಿಡ್ಜ್ ಗೆಳೆಯ, ಬಾಲ್ಯದ ಹಲವು ವರ್ಷಗಳನ್ನು ಢಾಕಾದಲ್ಲಿ ಕಳೆದ ಅಮರ್ತ್ಯ ಸೇನ್. ಆದಾಯದ ಜೊತೆಗೆ ಆಯುಷ್ಯವನ್ನೂ ವಿದ್ಯೆಯನ್ನೂ ಅಳೆಯಬೇಕು ಎಂಬ, ಇಂದು ಜಗತ್ತೇ ಒಪ್ಪಿರುವ ಅಳತೆಗೋಲಿನ ಹಿಂದೆ ಈ ಎರಡು ನೆಲಗಳ ಇತಿಹಾಸವಿದೆ ಎಂಬುದು ಗಮನಾರ್ಹ.

3. ಭಾಷೆಯ ಪ್ರಶ್ನೆ, ಭೂಮಿಯ ಪ್ರಶ್ನೆ

1948ರ ಮಾರ್ಚಿಯಲ್ಲಿ ಢಾಕಾಕ್ಕೆ ಬಂದ ಜಿನ್ನಾ ಅವರು ಉರ್ದುವೊಂದೇ ರಾಷ್ಟ್ರಭಾಷೆಯೆಂದು ಸಾರಿದರು. 1952ರ ಫೆಬ್ರವರಿ 21ರಂದು ಬಂಗಾಳಿಗೆ ಸ್ಥಾನಮಾನ ಕೇಳಿ ಹೊರಟ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಗುಂಡು ಹಾರಿತು. 1956ರ ಸಂವಿಧಾನ ಬಂಗಾಳಿಗೂ ಉರ್ದುವಿನೊಡನೆ ಮಾನ್ಯತೆ ನೀಡಿತಾದರೂ ಆಗಲೇ ಭಾಷೆಯು ಆರ್ಥಿಕ ಅನ್ಯಾಯದ ಅರಿವಿಗೆ ನಾಲಗೆಯಾಗಿತ್ತು. ಯುನೆಸ್ಕೋ 1999ರಲ್ಲಿ ಇದೇ ದಿನವನ್ನು ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಘೋಷಿಸಿದ್ದು ನಮಗೆಲ್ಲ ತಿಳಿದ ಸಂಗತಿ.

ಭಾಷೆಯಷ್ಟೇ ಮುಖ್ಯವಾದ, ಆದರೆ ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ಕಡಿಮೆ ಬಂದಿರುವ ಸಂಗತಿಯೆಂದರೆ ಭೂಮಿ. ಪೂರ್ವ ಬಂಗಾಳದ 1950ರ ಕಾಯಿದೆ ಜಮೀನ್ದಾರಿ ಪದ್ಧತಿಯನ್ನು ರದ್ದುಗೊಳಿಸಿತು. ದೊಡ್ಡ ಜಮೀನ್ದಾರರಲ್ಲಿ ಬಹುಪಾಲು ಜನ ಹಿಂದೂಗಳಾಗಿದ್ದು, ವಿಭಜನೆಯ ನಂತರ ಅನೇಕರು ಭಾರತಕ್ಕೆ ವಲಸೆ ಹೋಗಿದ್ದರಿಂದ ಈ ಕಾಯಿದೆಗೆ ಪ್ರಬಲ ವಿರೋಧ ಎದುರಾಗಲಿಲ್ಲ. ಭೂಹೀನರ ಸಂಕಟ ಇದರಿಂದ ತೀರಲಿಲ್ಲ. ಆದರೆ ಊರಿಗೊಬ್ಬ ಒಡೆಯನ ಯಜಮಾನಿಕೆ ಸಡಿಲವಾಯಿತು. ಪಶ್ಚಿಮದಲ್ಲಿ ಹೀಗಾಗಲಿಲ್ಲ. 1959ರ ಸುಧಾರಣೆ ನೀರಾವರಿ ಭೂಮಿಗೆ 500 ಎಕರೆಗಳಷ್ಟು ಉದಾರವಾದ ಮಿತಿ ಹಾಕಿತು. ಭುಟ್ಟೋ ಸರ್ಕಾರ 1972ರಲ್ಲಿ ಅದನ್ನು 150ಕ್ಕೆ ಇಳಿಸಿತು. 1989ರಲ್ಲಿ ಸುಪ್ರೀಂ ಕೋರ್ಟಿನ ಶರಿಯತ್ ಮೇಲ್ಮನವಿ ಪೀಠ ಇಂಥ ಮಿತಿಯೇ ಧರ್ಮಸಮ್ಮತವಲ್ಲವೆಂದಿತು. ಸಿಂಧ್ ಮತ್ತು ದಕ್ಷಿಣ ಪಂಜಾಬಿನ ಗ್ರಾಮಗಳಲ್ಲಿ ಶಾಲೆ ತೆರೆಯುವುದೂ ಓಟು ಬೀಳುವುದೂ ಭೂಮಾಲೀಕನ ಮರ್ಜಿಗೆ ಒಳಪಟ್ಟ ಪರಿಸ್ಥಿತಿ ಉಳಿದುಬಂದದ್ದು ಹೀಗೆ.

4. ಉಪ್ಪು, ಬೆಲ್ಲ ಮತ್ತು ಹೊಸ್ತಿಲು

1970ರ ನವೆಂಬರಿನ ಭೋಲಾ ಚಂಡಮಾರುತ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. 1971ರ ಯುದ್ಧಕಾಲದಲ್ಲಿ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. 1974ರಲ್ಲಿ ಕ್ಷಾಮ ಬಿತ್ತು. ಹೊಸ ದೇಶ ಸದಾ ಪರರ ನೆರವಿನಲ್ಲೇ ಬದುಕಬೇಕಾದೀತೆಂಬುದು ಅಂದು ಅನೇಕರ ಅಭಿಪ್ರಾಯವಾಗಿತ್ತು. ಮುಂದಿನ ಬದಲಾವಣೆಯನ್ನು ಅರಿಯಲು ಒಂದು ಸಣ್ಣ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ವಾಂತಿಭೇದಿಯಿಂದ ಮಗು ಸಾಯುವುದು ಮುಖ್ಯವಾಗಿ ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ. ಸಕ್ಕರೆ ಮತ್ತು ಲವಣಗಳನ್ನು ಹದವಾಗಿ ಕಲಸಿದ ನೀರನ್ನು ಬಾಯಿಯ ಮೂಲಕ ಕೊಟ್ಟರೆ ಕರುಳು ಅದನ್ನು ಹೀರಿಕೊಳ್ಳುತ್ತದೆ ಎಂಬುದು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ಪ್ರಯೋಗಗಳಿಂದ ದೃಢಪಟ್ಟಿತ್ತು. 1971ರಲ್ಲಿ ಗಡಿಯ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಅವರು ಸೂಜಿಯ ಮೂಲಕ ಕೊಡುವ ದ್ರಾವಣ ಮುಗಿದಾಗ ಇದನ್ನೇ ದೊಡ್ಡ ಪ್ರಮಾಣದಲ್ಲಿ ಬಳಸಿದರು. ರೋಗಿಗಳ ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಯಿತು.

ವಿಜ್ಞಾನ ಸಿದ್ಧವಾಗಿತ್ತು; ಅದು ಮನೆ ಮುಟ್ಟಬೇಕಾಗಿತ್ತು. ಫಜ್ಲೆ ಹಸನ್ ಅಬೇದ್ ಅವರು 1972ರಲ್ಲಿ, ಹಿಂದಿರುಗಿದ ನಿರಾಶ್ರಿತರ ಪುನರ್ವಸತಿಗಾಗಿ ಆರಂಭಿಸಿದ ಬ್ರ್ಯಾಕ್ ಸಂಸ್ಥೆ 1980ರಿಂದ 1990ರವರೆಗೆ ಸುಮಾರು 1.2 ಕೋಟಿ ಮನೆಗಳಿಗೆ ಮಹಿಳಾ ಕಾರ್ಯಕರ್ತೆಯರನ್ನು ಕಳುಹಿಸಿತು. ಅವರು ಔಷಧದ ಪೊಟ್ಟಣ ಹಂಚಲಿಲ್ಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಇವುಗಳನ್ನು ಕಲಸುವುದನ್ನು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಬಂಗಾಳಿಯಲ್ಲಿ ಅದು 'ಲೋಬೊನ್–ಗುಡ್', ಅಂದರೆ ಉಪ್ಪು–ಬೆಲ್ಲ. ಕೆಲವು ವಾರಗಳ ನಂತರ ಬೇರೆ ತಂಡವೊಂದು ಆಯ್ದ ಮನೆಗಳಿಗೆ ಹೋಗಿ ತಾಯಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿತ್ತು. ಆ ನೆನಪಿನ ಆಧಾರದ ಮೇಲೆ ಕಾರ್ಯಕರ್ತೆಯ ಸಂಭಾವನೆ ನಿಗದಿಯಾಗುತ್ತಿತ್ತು. ಕಲಿತರೂ ಹಲವರು ಬಳಸುತ್ತಿಲ್ಲ ಎಂಬುದು ಕಂಡುಬಂದಾಗ ಗಂಡಸರೊಡನೆ ಸಂತೆ, ಮಸೀದಿ, ಶಾಲೆಗಳಲ್ಲಿ ಮಾತುಕತೆ ಆರಂಭವಾಯಿತು.

ಈ ಪ್ರಸಂಗವು ಭಾಷಾಧ್ಯಯನದ ದೃಷ್ಟಿಯಿಂದಲೂ ಮಹತ್ವದ್ದು. ಪ್ರಯೋಗಾಲಯದ ಸೂತ್ರ ಮೊದಲು ಮನೆಯ ಅಳತೆಗೆ, ಬಳಿಕ ಮನೆಮಾತಿಗೆ, ಕೊನೆಗೆ ಅಕ್ಷರ ಬಾರದ ತಾಯಿಯ ನೆನಪಿಗೆ ರೂಪಾಂತರಗೊಂಡಿತು. ಅನುವಾದವೆಂದರೆ ಗ್ರಂಥದಿಂದ ಗ್ರಂಥಕ್ಕೆ ಮಾತ್ರ ನಡೆಯುವ ಕ್ರಿಯೆಯೆಂದು ತಿಳಿದಿರುವ ನಾವು ಈ ಬಗೆಯ ಅನುವಾದವನ್ನೂ ಅಧ್ಯಯನದ ವಸ್ತುವಾಗಿಸಿಕೊಳ್ಳಬೇಕಾಗಿದೆ.

ಕುಟುಂಬ ಯೋಜನೆಯಲ್ಲೂ ಇದೇ ವಿನ್ಯಾಸ ಕಾಣುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಸರ್ಕಾರ ಆಯಾ ಊರಿನ ಸಾವಿರಾರು ಮಹಿಳೆಯರನ್ನು ಮನೆಮನೆಗೆ ಹೋಗುವ ಕಾರ್ಯಕರ್ತೆಯರನ್ನಾಗಿ ನೇಮಿಸಿತು. ಅದೇ ಕಾಲದಲ್ಲಿ, 1977ರಿಂದ, ಮತ್ಲಬ್ ಪ್ರದೇಶದಲ್ಲಿ ನಡೆದ ಪ್ರಯೋಗ ಈ ವಿಧಾನದ ಪರಿಣಾಮವನ್ನು ತೋರಿಸಿಕೊಟ್ಟಿತು. ಸುಮಾರು 1975ರಲ್ಲಿ ಎರಡೂ ದೇಶಗಳಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು ಹುಟ್ಟುತ್ತಿದ್ದರು. ಬಾಂಗ್ಲಾದೇಶದಲ್ಲಿ ಇದು 2011ರ ಸಮೀಕ್ಷೆಯ ಹೊತ್ತಿಗೆ 2.3ಕ್ಕೆ ಇಳಿದಿತ್ತು, ಪಾಕಿಸ್ತಾನದಲ್ಲಿ 2017–18ರಲ್ಲಿಯೂ 3.6 ಇತ್ತು. ಪರಿಣಾಮವನ್ನು ಜನಗಣತಿಗಳೇ ಹೇಳುತ್ತವೆ. 1951ರಲ್ಲಿ ಹೆಚ್ಚು ಜನರಿದ್ದ ಪೂರ್ವದಲ್ಲಿ 2022ರಲ್ಲಿ ಸುಮಾರು 17 ಕೋಟಿ ಜನ. ಕಡಿಮೆ ಜನರಿದ್ದ ಪಶ್ಚಿಮದಲ್ಲಿ 2023ರಲ್ಲಿ 24 ಕೋಟಿಗೂ ಹೆಚ್ಚು.

5. ಶಾಲೆಯ ಹುಡುಗಿ, ಕಾರ್ಖಾನೆಯ ಹೆಣ್ಣು

1905ರಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆ ಬರೆದ, 1911ರಲ್ಲಿ ಕಲ್ಕತ್ತೆಯಲ್ಲಿ ಮುಸ್ಲಿಂ ಬಾಲಕಿಯರ ಶಾಲೆ ನಡೆಸತೊಡಗಿದ ಬೇಗಂ ರೊಕೆಯಾ ಹುಟ್ಟಿದ್ದು ಈಗಿನ ಬಾಂಗ್ಲಾದೇಶದ ರಂಗಪುರ ಪ್ರದೇಶದಲ್ಲಿ. ಹೆಣ್ಣುಮಕ್ಕಳ ವಿದ್ಯೆಯ ಚಿಂತನೆ ಅಲ್ಲಿ ಹೊಸದಲ್ಲ. ಅದು ವ್ಯಾಪಕವಾದದ್ದು ಸರ್ಕಾರದ ಯೋಜನೆಯ ಮೂಲಕ. 1982ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1994ರಲ್ಲಿ ಗ್ರಾಮೀಣ ಪ್ರದೇಶಗಳಿಗೆಲ್ಲ ವಿಸ್ತರಿಸಿದ ಪ್ರೌಢಶಾಲಾ ವಿದ್ಯಾರ್ಥಿವೇತನವನ್ನು ಪಡೆಯಲು ಹುಡುಗಿ ಶೇ. 75 ಹಾಜರಾತಿ, ಶೇ. 45 ಅಂಕ ಪಡೆಯಬೇಕು ಮತ್ತು ಮದುವೆಯಾಗದೆ ಉಳಿಯಬೇಕು ಎಂಬ ಷರತ್ತುಗಳಿದ್ದವು. 2022ರ ಜನಗಣತಿಯಲ್ಲಿ ಬಾಂಗ್ಲಾದೇಶದ ಮಹಿಳಾ ಸಾಕ್ಷರತೆ ಸುಮಾರು ಶೇ. 73, ಪಾಕಿಸ್ತಾನದ 2023ರ ಜನಗಣತಿಯಲ್ಲಿ ಸುಮಾರು ಶೇ. 53. ಮೊದಲನೆಯದು 7 ವರ್ಷ ಮೇಲ್ಪಟ್ಟವರ, ಎರಡನೆಯದು 10 ವರ್ಷ ಮೇಲ್ಪಟ್ಟವರ ಲೆಕ್ಕವಾದ್ದರಿಂದ ನೇರ ಹೋಲಿಕೆ ಸಲ್ಲದಾದರೂ ಅಂತರ ದೊಡ್ಡದೇ.

ಓದಿದ, ಕಡಿಮೆ ಮಕ್ಕಳಿರುವ ಹೆಣ್ಣಿಗೆ ಕೆಲಸದ ದಾರಿ ತೆರೆದದ್ದು ಸಿದ್ಧ ಉಡುಪು ಉದ್ಯಮ. 1979ರಲ್ಲಿ 'ದೇಶ್' ಕಂಪನಿಯ 130 ಜನ ದಕ್ಷಿಣ ಕೊರಿಯಾದ ದೇವೂ ಕಂಪನಿಯಲ್ಲಿ ತರಬೇತಿ ಪಡೆದು ಬಂದದ್ದು ಅದರ ಆರಂಭದ ಘಟ್ಟ. ಹತ್ತಿ ಬೆಳೆಯುವ ದೇಶ ಪಾಕಿಸ್ತಾನ. ಆದರೆ ಹತ್ತಿಯನ್ನು ಹೊರಗಿನಿಂದ ತರಿಸಿಕೊಳ್ಳುವ ಬಾಂಗ್ಲಾದೇಶ ಉಡುಪಿನ ರಫ್ತಿನಲ್ಲಿ ಅದನ್ನು ಬಹುದೂರ ಹಿಂದೆ ಹಾಕಿತು. ನೈಸರ್ಗಿಕ ಸಂಪತ್ತಿಗಿಂತ ಮನೆಯಿಂದ ಹೊರಬರಬಲ್ಲ ದುಡಿಯುವ ಹೆಣ್ಣು ದೊಡ್ಡ ಸಂಪತ್ತಾಯಿತು.

ಇಲ್ಲಿ ಬದಲಾವಣೆಯ ಅನುಕ್ರಮವನ್ನು ವಿಶೇಷವಾಗಿ ಗಮನಿಸಬೇಕು. 1990ರಲ್ಲಿ ಎರಡೂ ದೇಶಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 140 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2000ದ ಹೊತ್ತಿಗೆ ಬಾಂಗ್ಲಾದೇಶ ಸ್ಪಷ್ಟವಾಗಿ ಮುಂದಿತ್ತು. 2020ರ ಹೊತ್ತಿಗೆ ಅಲ್ಲಿ ಆ ಸಂಖ್ಯೆ 30ರ ಆಸುಪಾಸು, ಪಾಕಿಸ್ತಾನದಲ್ಲಿ 60ಕ್ಕಿಂತ ಹೆಚ್ಚು. ಆದರೆ ಡಾಲರ್ ಲೆಕ್ಕದ ತಲಾ ಆದಾಯದಲ್ಲಿ 2010ರ ದಶಕದ ಮಧ್ಯಭಾಗದವರೆಗೂ ಪಾಕಿಸ್ತಾನವೇ ಮುಂದಿತ್ತು. ಮೊದಲು ರಾಷ್ಟ್ರ ಶ್ರೀಮಂತವಾಗಲಿ, ಆಮೇಲೆ ಜನರ ಆರೋಗ್ಯ ಶಿಕ್ಷಣ ನೋಡಿಕೊಳ್ಳೋಣ ಎಂಬ ವಾದಕ್ಕೆ ಇದು ನೇರ ಉತ್ತರ. ಇಲ್ಲಿ ಏಳಿಗೆ ಮೊದಲು ಬಂತು, ಪ್ರಗತಿ ಅದರ ಹಿಂದೆ ಬಂತು. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ಬಾಂಗ್ಲಾದೇಶ 130ನೆಯ ಸ್ಥಾನದಲ್ಲಿದೆ (ಭಾರತದ ಸ್ಥಾನವೂ ಅದೇ), ಪಾಕಿಸ್ತಾನ 168ನೆಯದು.

6. ಒಬ್ಬ ವ್ಯಕ್ತಿ, ಎರಡು ದೇಶ

ಹಾಗಾದರೆ ಪಾಕಿಸ್ತಾನದಲ್ಲಿ ಇಂಥ ಪ್ರಯತ್ನಗಳೇ ನಡೆಯಲಿಲ್ಲವೇ? ಈ ಪ್ರಶ್ನೆಗೆ ಅಖ್ತರ್ ಹಮೀದ್ ಖಾನ್ (1914–1999) ಅವರ ಬದುಕು ಉತ್ತರ ನೀಡುತ್ತದೆ. ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟು ಬಂದ ಇವರು 1959ರಲ್ಲಿ ಪೂರ್ವದ ಕೊಮಿಲ್ಲಾದಲ್ಲಿ ಗ್ರಾಮಾಭಿವೃದ್ಧಿ ಅಕಾಡೆಮಿಯನ್ನು ಕಟ್ಟಿ, ಸಣ್ಣ ರೈತರ ಸಹಕಾರ ಸಂಘಗಳನ್ನು ಬೆಳೆಸಿದರು. 1971ರ ನಂತರ ಪಾಕಿಸ್ತಾನದಲ್ಲಿದ್ದು, 1980ರಲ್ಲಿ ಕರಾಚಿಯ ಒರಾಂಗಿ ಬಡಾವಣೆಯಲ್ಲಿ ಕೆಲಸ ಆರಂಭಿಸಿದರು. ಗಲ್ಲಿಯ ಜನ ತಾವೇ ಹಣ ಕೂಡಿಸಿ, ತಾಂತ್ರಿಕ ಸಲಹೆ ಪಡೆದು ತಮ್ಮ ಗಲ್ಲಿಯ ಒಳಚರಂಡಿಯನ್ನು ಸರ್ಕಾರದ ಅಂದಾಜಿಗಿಂತ ಬಹಳ ಕಡಿಮೆ ವೆಚ್ಚದಲ್ಲಿ ನಿರ್ಮಿಸಿಕೊಂಡರು. ಈ ಮಾದರಿ ಜಗತ್ತಿನ ಗಮನ ಸೆಳೆಯಿತು.

ವ್ಯಕ್ತಿ ಒಬ್ಬನೇ, ಶ್ರದ್ಧೆ ಒಂದೇ. ಎರಡೂ ಕಡೆ ಫಲ ಸಿಕ್ಕಿತು. ಆದ್ದರಿಂದ ಜನರ ಸ್ವಭಾವದಲ್ಲಾಗಲಿ ಧರ್ಮದಲ್ಲಾಗಲಿ ಭಿನ್ನತೆಯ ಕಾರಣವನ್ನು ಹುಡುಕುವುದು ಸರಿಯಲ್ಲ. ಪಾಕಿಸ್ತಾನದಲ್ಲಿ ಕೊರತೆಯಾದದ್ದು ಇಂಥ ಪ್ರಯೋಗಗಳು ದೇಶವ್ಯಾಪಿಯಾಗಲು ಬೇಕಾದ ರಾಜಕೀಯ ಅವಕಾಶ. ಮನೆಮನೆಗೆ ಹೋಗುವ ಮಹಿಳಾ ಆರೋಗ್ಯ ಕಾರ್ಯಕರ್ತೆಯರ ಯೋಜನೆ ಅಲ್ಲಿ 1994ರಲ್ಲಿ ಬಂತು. ಶಿಕ್ಷಣ ಮೂಲಭೂತ ಹಕ್ಕಾದದ್ದು 2010ರಲ್ಲಿ. ಈ ನಡುವೆ ಸೈನ್ಯದ ವೆಚ್ಚ ಬೊಕ್ಕಸದ ದೊಡ್ಡ ಪಾಲನ್ನು ನುಂಗಿತು. ಹೊಸ್ತಿಲಿನ ನಂಬಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿ ನಿದರ್ಶನವಿದೆ. 2011ರಲ್ಲಿ ಅಬೊಟ್ಟಾಬಾದಿನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಲಸಿಕೆಯ ನೆಪದಲ್ಲಿ ಮಾಹಿತಿ ಸಂಗ್ರಹಕ್ಕೆ ಯತ್ನಿಸಿದ್ದು ಬಯಲಾದ ಮೇಲೆ ಲಸಿಕೆಯ ಬಗ್ಗೆ ಮೊದಲೇ ಇದ್ದ ಸಂಶಯ ಹೆಚ್ಚಿತು. 2012ರಿಂದ ಪೋಲಿಯೊ ಲಸಿಕೆ ಹಾಕಲು ಹೋದ ಅನೇಕ ಕಾರ್ಯಕರ್ತೆಯರು ಕೊಲೆಯಾದರು.

7. ಭಾಷೆ ಎಷ್ಟರಮಟ್ಟಿಗೆ ಕಾರಣ?

ಬಾಂಗ್ಲಾದೇಶದಲ್ಲಿ ಕಾರ್ಯಕರ್ತೆಯ ಮಾತು, ತಾಯಿಯ ಮಾತು, ಶಾಲೆಯ ಮಾತು ಬಹುಪಾಲು ಒಂದೇ. ಪಾಕಿಸ್ತಾನದಲ್ಲಿ ಉರ್ದು ಹತ್ತರಲ್ಲಿ ಒಬ್ಬರಿಗೂ ಮನೆಮಾತಲ್ಲ. ಪಂಜಾಬಿ, ಪಶ್ತೊ, ಬಲೂಚಿ ಆಡುವ ಮಗು ಶಾಲೆಯಲ್ಲಿ ಮೊದಲ ದಿನವೇ ಬೇರೆ ಭಾಷೆಯನ್ನು ಎದುರಿಸುತ್ತದೆ. ಇಷ್ಟರಿಂದ ಭಾಷೆಯೇ ಎಲ್ಲಕ್ಕೂ ಕಾರಣವೆಂದು ತೀರ್ಮಾನಿಸಲು ಭಾಷಾಧ್ಯಯನದವರಾದ ನಮಗೆ ಆಸೆಯಾಗುವುದು ಸಹಜ. ಆದರೆ ಸಿಂಧ್ ಪ್ರಾಂತ್ಯ ಈ ತೀರ್ಮಾನಕ್ಕೆ ಅಡ್ಡ ಬರುತ್ತದೆ. ಸಿಂಧಿಗೆ ಬ್ರಿಟಿಷರ ಕಾಲದಿಂದಲೂ ಶಾಲಾಭಾಷೆಯ ಪರಂಪರೆಯಿದೆ. ಆದರೂ ಗ್ರಾಮೀಣ ಸಿಂಧ್ ಶಿಕ್ಷಣದಲ್ಲಿ ತೀರ ಹಿಂದುಳಿದಿದೆ. ಮಾತೃಭಾಷೆಯಲ್ಲಿ ಪಾಠವಿದ್ದರೂ ಶಾಲೆಗೆ ಹೋಗುವ ಸ್ವಾತಂತ್ರ್ಯವಿಲ್ಲದಿದ್ದರೆ ಪ್ರಯೋಜನವಿಲ್ಲ. ಭಾಷೆ ದಾರಿಯನ್ನು ಹತ್ತಿರ ಮಾಡುತ್ತದೆ. ಆ ದಾರಿಯಲ್ಲಿ ನಡೆಯಲು ಭೂಮಿ, ಅಧಿಕಾರ ಮತ್ತು ಲಿಂಗ ಸಂಬಂಧಗಳು ಬಿಡಬೇಕು.

ಬಾಂಗ್ಲಾದೇಶದ ಕಥನವೂ ಕಲೆಗಳಿಲ್ಲದ್ದಲ್ಲ. 2022ರ ಸಮೀಕ್ಷೆಯಂತೆ ಅಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಅರ್ಧದಷ್ಟು ಜನ 18 ತುಂಬುವ ಮೊದಲೇ ಮದುವೆಯಾದವರು. ಪಾಕಿಸ್ತಾನದಲ್ಲಿ 2017–18ರಲ್ಲಿ ಈ ಪ್ರಮಾಣ ಶೇ. 18 ಮಾತ್ರ. ಒಂದು ಸೂಚಿಯಿಂದ ಇನ್ನೊಂದನ್ನು ಊಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಎಚ್ಚರಿಕೆ ಬೇಡ. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಉಡುಪು ಕಾರ್ಮಿಕರು ಸತ್ತರು. ಭಾಷೆಯ ಹೆಸರಿನಲ್ಲಿ ಹುಟ್ಟಿದ ರಾಷ್ಟ್ರ ಚಿತ್ತಗಾಂಗ್ ಗುಡ್ಡಗಾಡಿನ ಚಕ್ಮಾ ಮೊದಲಾದ ಸಮುದಾಯಗಳಿಗೆ ತಮ್ಮದೇ ಚಹರೆಯಿದೆಯೆಂಬುದನ್ನು ಒಪ್ಪಲು ಹಿಂಜರಿಯಿತು. 1997ರಲ್ಲಷ್ಟೇ ಶಾಂತಿ ಒಪ್ಪಂದವಾಯಿತು. ಶಿಬಿರಗಳಲ್ಲಿ ಉಳಿದ ಉರ್ದು ಭಾಷಿಕರಿಗೆ ಪೌರತ್ವ ನ್ಯಾಯಾಲಯದಿಂದ ದೊರೆತದ್ದು 2008ರಲ್ಲಿ.

ರಾಜಕೀಯ ಸ್ವಾತಂತ್ರ್ಯದ ಪ್ರಶ್ನೆಯಂತೂ ಇನ್ನೂ ಗಂಭೀರ. ಅಂಕಿಅಂಶಗಳಲ್ಲಿ ಮುಂದೆ ಸಾಗುತ್ತಿದ್ದ ಹೊತ್ತಿನಲ್ಲಿಯೇ ಚುನಾವಣೆಗಳು ವಿಶ್ವಾಸ ಕಳೆದುಕೊಂಡವು. 2024ರಲ್ಲಿ ಸರ್ಕಾರಿ ನೌಕರಿಯ ಮೀಸಲಾತಿಯ ವಿಷಯದಲ್ಲಿ ಆರಂಭವಾದ ವಿದ್ಯಾರ್ಥಿ ಚಳವಳಿಯನ್ನು ಗುಂಡಿನಿಂದ ಹತ್ತಿಕ್ಕಲು ಹೋಗಿ, ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಡಬೇಕಾಯಿತು. 1968ರ 'ಅಭಿವೃದ್ಧಿಯ ದಶಕ'ದ ಉತ್ಸವವನ್ನು ವಿದ್ಯಾರ್ಥಿಗಳೇ ಪ್ರಶ್ನಿಸಿದ್ದರು. 56 ವರ್ಷಗಳ ನಂತರ ಅದೇ ಢಾಕಾದಲ್ಲಿ ಇನ್ನೊಂದು ಅಭಿವೃದ್ಧಿಯ ಹೆಮ್ಮೆಯನ್ನು ವಿದ್ಯಾರ್ಥಿಗಳೇ ಪ್ರಶ್ನಿಸಿದರು. ಎದ್ದು ನಿಂತವರು ಮಾತನಾಡಲು ಬಯಸುತ್ತಾರೆ; ಆ ಮಾತಿಗೆ ಎಡೆಯಿಲ್ಲದ ಅಭಿವೃದ್ಧಿ ನೆಲೆ ನಿಲ್ಲುವುದಿಲ್ಲ.

8. ಸಮಾರೋಪ

ಈ ವಿವೇಚನೆಯಿಂದ ಹೊರಡುವ ತಾತ್ಪರ್ಯವನ್ನು ಹೀಗೆ ಸಂಗ್ರಹಿಸಬಹುದು. ರಾಷ್ಟ್ರದ ಆದಾಯ ಮತ್ತು ಜನರ ಏಳಿಗೆ ಬೇರೆ ಬೇರೆ ದಾರಿಗಳಲ್ಲಿ ಸಾಗಬಲ್ಲವು. ಬಡ ದೇಶವೊಂದು ತನ್ನ ತಿಳಿವಳಿಕೆಯನ್ನು ಮನೆಮಾತಿನಲ್ಲಿ, ಮಹಿಳೆಯರ ಮೂಲಕ, ಹೊಸ್ತಿಲಿನವರೆಗೆ ಮುಟ್ಟಿಸಿದರೆ ಹಣಕ್ಕಾಗಿ ಕಾಯದೆಯೇ ಮಕ್ಕಳನ್ನು ಉಳಿಸಿಕೊಳ್ಳಬಲ್ಲದು. ಆದರೆ ಇದು ಅಲ್ಪಸಂಖ್ಯಾತರ, ಕಾರ್ಮಿಕರ, ಭಿನ್ನಮತೀಯರ ಹಕ್ಕುಗಳಿಗೆ ಬದಲಿಯಾಗಲಾರದು.

ಈ ಚರ್ಚೆ ಕನ್ನಡಕ್ಕೆ ಹೊರಗಿನದೇನೂ ಅಲ್ಲ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಶಿಬಿರಗಳಲ್ಲಿ ನೆಲೆಸಿ ಕನ್ನಡನಾಡಿನ ಭಾಗವಾಗಿವೆ. ಮಹಬೂಬ್ ಉಲ್ ಹಕ್ ಅವರ ಅಳತೆಗೋಲನ್ನು ಬಳಸಿ ಕರ್ನಾಟಕವು 1999ರಲ್ಲಿ ತನ್ನದೇ ಮಾನವ ಅಭಿವೃದ್ಧಿ ವರದಿಯನ್ನು ತಂದಿತು. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು. ಅಂದರೆ ಒಂದೇ ರಾಜ್ಯದ, ಒಂದೇ ಆಡಳಿತಭಾಷೆಯ ಒಳಗೂ ಎರಡು ಅರ್ಥವ್ಯವಸ್ಥೆಗಳಿರಬಹುದು. ಆ ತಾಲ್ಲೂಕುಗಳ ತಾಯಿಯೊಬ್ಬಳಿಗೆ ಆರೋಗ್ಯದ ಮಾತು ಯಾವ ಕನ್ನಡದಲ್ಲಿ ತಲುಪುತ್ತಿದೆ, ಅದರಲ್ಲಿ ಎಷ್ಟು ಅವಳ ನೆನಪಿನಲ್ಲಿ ಉಳಿಯುತ್ತಿದೆ ಎಂಬುದನ್ನು ಕೇಳಬೇಕಾದವರು ಅರ್ಥಶಾಸ್ತ್ರಜ್ಞರು ಮಾತ್ರವಲ್ಲ. ಕನ್ನಡ ವಿಭಾಗಗಳ ಸಂಶೋಧನೆಯೂ ಈ ಪ್ರಶ್ನೆಯನ್ನು ತನ್ನದೆಂದು ಎತ್ತಿಕೊಳ್ಳಬೇಕಾಗಿದೆ.